ಬೇಲಿ ಹಾಕಿದರೆ ಗಲಾಟೆ ನಿಲ್ಲುತ್ತಾ?

ಪ್ರಶ್ನೆ: ಮೇಷ್ಟ್ರೇ, ನಾವು ಹುಡುಗರೆಲ್ಲ ಸೇರಿ ಪ್ರತಿ ವರ್ಷ ಫುಟ್‌ಬಾಲ್ ಟೂರ್ನಮೆಂಟ್ ನಡೆಸ್ತೀವಿ. ಹೋದ ವರ್ಷ ಫೈನಲ್‌ನಲ್ಲಿ ಒಂದು ಪೆನಾಲ್ಟಿ ವಿಚಾರಕ್ಕೆ ಎರಡೂ ಕಡೆಯವರು ಮೈದಾನಕ್ಕೆ ನುಗ್ಗಿದರು. ರೆಫರಿಗೂ ಏಟು ಬಿತ್ತು. ಈ ಸಲ ಸುತ್ತ ಕಬ್ಬಿಣದ ಬೇಲಿ ಹಾಕಿಸಿ, ಪೊಲೀಸರನ್ನ ಜಾಸ್ತಿ ಕರೆಸೋಣ ಅಂತಿದ್ದಾರೆ. ಸರೀನಾ?
– ಓದುಗ, ಕೆಜಿಎಫ್, ಕೋಲಾರ ಜಿಲ್ಲೆ

ಉತ್ತರ: ಬೇಲಿ ಮಾತ್ರ ಬೇಡಪ್ಪ, ದಯವಿಟ್ಟು ಬೇಡ. ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಜನ ಒಳಗೆ ನುಗ್ಗದಿರಲಿ ಅಂತಲೇ ಎತ್ತರದ ಬೇಲಿ ಹಾಕಿದ್ದರು. 1989ರ ಏಪ್ರಿಲ್ 15ರಂದು ಅಲ್ಲಿ ನೂಕುನುಗ್ಗಲಾಯಿತು. ಮುಂದೆ ನಿಂತಿದ್ದವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ಕೊನೆಗೆ ಸತ್ತವರ ಲೆಕ್ಕ 97ಕ್ಕೆ ಮುಟ್ಟಿತು. ಕುಡಿದು ಬಂದ ಅಭಿಮಾನಿಗಳದೇ ತಪ್ಪು ಅಂತ ಪೊಲೀಸರು ಆಗ ಕೈತೊಳೆದುಕೊಂಡರು. ಅಭಿಮಾನಿಗಳದು ಏನೂ ತಪ್ಪಿಲ್ಲ ಅಂತ ಜ್ಯೂರಿ ಹೇಳುವಷ್ಟರಲ್ಲಿ 2016 ಬಂದಿತ್ತು. ಬಂದವರನ್ನೆಲ್ಲ ರೌಡಿಗಳು ಅಂದುಕೊಂಡರೆ ಆಗೋದು ಇದೇ.

ಹಾಗಂತ ಗಲಾಟೆಯನ್ನ ಹಗುರವಾಗಿ ತಗೊಳ್ಳಿ ಅಂತ ಹೇಳ್ತಿಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಪಂದ್ಯ. ಆಟಗಾರರ ಕಿತ್ತಾಟ ಗ್ಯಾಲರಿಗೂ ಹಬ್ಬಿ 16 ಜನ ಪ್ರಾಣ ಬಿಟ್ಟರು. ನಿಮ್ಮ ಪೆನಾಲ್ಟಿ ಜಗಳ ಶುರುವಾಗಿದ್ದೂ ಮೈದಾನದ ಒಳಗೇ ಅಲ್ವಾ? ಅಲ್ಲಿಂದಲೇ ಸರಿಮಾಡಿ. ರೆಫರಿ ಹತ್ತಿರ ಕ್ಯಾಪ್ಟನ್ ಒಬ್ಬನೇ ಮಾತಾಡಬೇಕು, ಬೇರೆ ಯಾರು ಮುತ್ತಿಕೊಂಡರೂ ಹಳದಿ ಕಾರ್ಡ್. 2024ರ ಯುರೋ ಕಪ್‌ನಲ್ಲಿ ಇದೇ ನಿಯಮ ಇತ್ತು. ಮೊದಲ ಪಂದ್ಯದಿಂದಲೇ ಜಾರಿ ಮಾಡಿ. ಫೈನಲ್ ದಿನ ಹೊಸದಾಗಿ ಹೇಳಿದರೆ ಯಾರೂ ಕೇಳಲ್ಲ.

ಪೊಲೀಸರು ಬರಲಿ. ಆದರೆ ಲಾಠಿ ಹಿಡಿದು ಸಾಲಾಗಿ ನಿಲ್ಲೋದು ಬೇಡ ಅಂತ ಠಾಣೆಯಲ್ಲಿ ಮೊದಲೇ ಕೇಳಿಕೊಳ್ಳಿ. 2004ರ ಯುರೋ ಕಪ್‌ನಲ್ಲಿ ಪೋರ್ಚುಗಲ್‌ನ ದೊಡ್ಡ ಊರುಗಳ ಪೊಲೀಸರು ಮಾಮೂಲಿ ಸಮವಸ್ತ್ರದಲ್ಲಿ ಇಬ್ಬಿಬ್ಬರಾಗಿ ಜನರ ಮಧ್ಯೆ ಓಡಾಡಿದರು, ನಗುತ್ತಾ ಮಾತಾಡಿಸಿದರು. ಗಲಭೆ ಹತ್ತಿಕ್ಕುವ ಪೊಲೀಸ್ ಪಡೆ ಕಣ್ಣಿಗೆ ಕಾಣದ ಹಾಗೆ ದೂರ ಇತ್ತು. ಕಿರಿಕ್ ಮಾಡೋಕೆ ಹೊರಟವರನ್ನ ಎಷ್ಟೋ ಕಡೆ ಇಂಗ್ಲೆಂಡ್ ಅಭಿಮಾನಿಗಳೇ ತಡೆದರು. ನನಗೆ ತುಂಬಾ ಮುಖ್ಯ ಅನ್ನಿಸೋದು ಇದು. ಗುಂಪಿನಲ್ಲಿ ಜಗಳಕ್ಕೆ ಬಂದವರು ಕೆಲವೇ ಜನ. ಉಳಿದವರು ಯಾರ ಕಡೆ ವಾಲ್ತಾರೆ ಅನ್ನೋದು ನೀವು ಅವರನ್ನ ಹೇಗೆ ನಡೆಸಿಕೊಳ್ತೀರಿ ಅನ್ನೋದರ ಮೇಲಿದೆ.

ಹಾಗಾಗಿ ಎರಡೂ ತಂಡದ ಏರಿಯಾಗಳಿಂದ ಹುಡುಗರು ಮಾತು ಕೇಳುವಂಥ ಹಿರಿಯರನ್ನ ಕರೆದು, ಅವರವರ ಕಡೆಯವರ ಜೊತೆಯಲ್ಲೇ ಕೂರಿಸಿ. ಗೆರೆಯಿಂದ ಎರಡು ಮೀಟರ್ ಆಚೆ ಹಗ್ಗ ಕಟ್ಟಿದರೆ ಸಾಕು, ನೂಕಾಟವಾದರೆ ಅದರಡಿ ಯಾರು ಬೇಕಾದರೂ ನುಸುಳಿ ಹೊರಬರಬಹುದು. ಮೈಕ್ ಹಿಡಿದವರು ರೆಫರಿ ಯಾಕೆ ಪೆನಾಲ್ಟಿ ಕೊಟ್ಟರು ಅಂತ ತಕ್ಷಣ ಕನ್ನಡದಲ್ಲೂ ತಮಿಳಲ್ಲೂ ಹೇಳಲಿ. ಎಷ್ಟೋ ಸಲ ಏನಾಯ್ತು ಅಂತ ಗೊತ್ತಾಗದೇ ಜನ ರೇಗ್ತಾರೆ. ಮದ್ಯ, ಬೆಟ್ಟಿಂಗ್ ಎರಡಕ್ಕೂ ಜಾಗ ಕೊಡಬೇಡಿ.

ಇನ್ನೊಂದು ಮಾತು. ಗಣ್ಯರು ಬರಲಿ ಅಂತ ಕಪ್ ಕೊಡೋದನ್ನ ಕತ್ತಲಾಗುವ ತನಕ ಎಳೀಬೇಡಿ. ಆಟ ಮುಗಿದ ಕೂಡಲೇ ಸೋತವರಿಗೆ ಮೊದಲು ಮೆಡಲ್ ಹಾಕಿ ಕಳಿಸಿ. ಅವರ ಕಡೆಯವರು ಒಂದು ಗೇಟಿನಿಂದ ಹೊರಟ ಮೇಲೆ, ಗೆದ್ದವರ ತಮಟೆ ಇನ್ನೊಂದು ಗೇಟಿನಿಂದ ಹೊರಡಲಿ.