ಪ್ರತಿಕ್ರಿಯೆ: ಹ್ಯಾಕಿಂಗ್ ಕೇಸಿಗೆ ವೈರ್ ಫ್ರಾಡ್ ಯಾಕೆ?

ಅಮೆರಿಕದಲ್ಲಿ ಕಂಪ್ಯೂಟರ್ ಅಪರಾಧಕ್ಕೆ ಪ್ರತ್ಯೇಕ ಕಾನೂನಿದ್ದರೂ ಆರೋಪಪಟ್ಟಿಯಲ್ಲಿ ವೈರ್ ಫ್ರಾಡ್ (ಫೋನು, ಈಮೇಲಿನಂಥ ಸಂಪರ್ಕ ಬಳಸಿ ಮಾಡುವ ವಂಚನೆ) ಯಾಕೆ ಸೇರಿಸುತ್ತಾರೆ ಅಂತ ಕೇಳಿದ್ದೀರಿ. ಅದರ ಹರವು ದೊಡ್ಡದು, ಅದಕ್ಕೇ. 1872ರ ಅಂಚೆ ವಂಚನೆ ಕಾನೂನಿನ ಅಚ್ಚಿನಲ್ಲೇ 1952ರಲ್ಲಿ ಬಂದದ್ದು ಇದು. ಮೋಸದಿಂದ ಹಣವನ್ನೋ ಆಸ್ತಿಯನ್ನೋ ಹೊಡೆಯುವ ಸಂಚಿರಬೇಕು. ಅದಕ್ಕಾಗಿ ರಾಜ್ಯದ ಗಡಿ ದಾಟಿದ ಒಂದೇ ಒಂದು ಈಮೇಲ್ ಸಿಕ್ಕರೂ ಸಾಕು. ಅಂಥ ಪ್ರತಿ ಈಮೇಲೂ ಬೇರೆ ಆರೋಪವಾಗಬಹುದು, ಒಂದೊಂದಕ್ಕೂ 20 ವರ್ಷದವರೆಗೆ ಜೈಲು.

ಆದರೆ ಎಲ್ಲ ಕಡೆ ಇದು ನಿಲ್ಲುವುದಿಲ್ಲ. ಎಂಐಟಿ ವಿದ್ಯಾರ್ಥಿ ಡೇವಿಡ್ ಲಾಮಾಕಿಯಾ ಪ್ರಕರಣವನ್ನು ದಯವಿಟ್ಟು ಓದಿ. ಎಕ್ಸೆಲ್, ವರ್ಡ್‌ಪರ್ಫೆಕ್ಟ್, ಸಿಮ್‌ಸಿಟಿ 2000 ಇಂಥ ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್‌ಗಳನ್ನೆಲ್ಲ ಬೇರೆಯವರು ಪುಕ್ಕಟೆ ಇಳಿಸಿಕೊಳ್ಳಲು ಬುಲೆಟಿನ್ ಬೋರ್ಡ್ (ಫೈಲು ಹಾಕಿ, ಇಳಿಸಿಕೊಳ್ಳುವ ಆನ್‌ಲೈನ್ ತಾಣ) ನಡೆಸಿದ ಅನ್ನುವುದು ಆರೋಪ. ಅವನಿಗೆ ಲಾಭದ ಉದ್ದೇಶ ಇರಲಿಲ್ಲ, ಹಾಗಾಗಿ ಆಗಿನ ಕಾಪಿರೈಟ್ ಕಾನೂನಿನಡಿ ಕ್ರಿಮಿನಲ್ ಕೇಸು ಹಾಕುವಂತಿರಲಿಲ್ಲ. ಸರ್ಕಾರ ವೈರ್ ಫ್ರಾಡ್ ಹಿಡಿದುಕೊಂಡಿತು. 1994ರ ಡಿಸೆಂಬರಿನಲ್ಲಿ ನ್ಯಾಯಾಧೀಶ ರಿಚರ್ಡ್ ಸ್ಟರ್ನ್ಸ್ ಅದನ್ನು ವಜಾ ಮಾಡಿದರು. ಹುಡುಗನ ನಡತೆಯನ್ನು ಅವರೇನೂ ಮೆಚ್ಚಲಿಲ್ಲ, ಆದರೆ ಇಂಥದ್ದನ್ನು ಅಪರಾಧ ಅನ್ನಬೇಕಾದ್ದು ಸಂಸತ್ತು ಎಂದರು. ನನ್ನ ಪ್ರಕಾರ ಅದು ಸರಿಯಾದ ತೀರ್ಪು. 1997ರಲ್ಲಿ ಸಂಸತ್ತು ಕಾಪಿರೈಟ್ ಕಾನೂನನ್ನೇ ತಿದ್ದಿ ಆ ಕಿಂಡಿ ಮುಚ್ಚಿತು.