ವೆಬರ್ ಕೂರಿಸಿದ ಪದ್ಮಿನಿಗೆ ಯಾವ ಪಂಪು?

ಪ್ರಶ್ನೆ: ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಕಾರಿನ ಇಂಜಿನ್ ಬೋರ್ ಮಾಡಿಸಿ (ಸಿಲಿಂಡರ್ ಅಗಲಿಸಿ), ವಾಲ್ವ್ ತೆರೆಸುವ ಕ್ಯಾಮ್ ಬದಲಿಸಿ, ವೆಬರ್ 32/36 ಕಾರ್ಬುರೇಟರ್ ಹಾಕಿಸಿದ್ದೇನೆ. ಟ್ಯಾಂಕಿನಿಂದ ಪೆಟ್ರೋಲ್ ತರುವ ಹಳೆಯ ಪಂಪು ಸಾಲದೆಂದು ಮೆಕ್ಯಾನಿಕ್ ಇಂಜೆಕ್ಷನ್ ಕಾರಿನ ಎಲೆಕ್ಟ್ರಿಕ್ ಪಂಪು ಕೂರಿಸಿದರು. ಈಗ ಸಿಗ್ನಲ್‌ನಲ್ಲಿ ನಿಂತರೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಉಡುಪಿಯಿಂದ ಬರುವಾಗ ಆಗುಂಬೆ ಘಾಟಿ ಹತ್ತಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಇನ್ನೂ ದೊಡ್ಡ ಪಂಪು ಬೇಕೇ?
– ಕೆ.ಎನ್., ಶಿವಮೊಗ್ಗ

ಉತ್ತರ: ದೊಡ್ಡ ಪಂಪಿನ ಮಾತು ಬಿಡಿ ಸ್ವಾಮಿ, ಮೊದಲು ಈಗಿರುವುದನ್ನು ಬಿಚ್ಚಿಸಿ. ಅದಕ್ಕೂ ಮುಂಚೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ, ಮಟ್ಟ ಏರಿದ್ದರೆ, ಗಾಡಿ ಒಂದು ಮಾರೂ ಓಡಬಾರದು. ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ನೀರಾದ ಆಯಿಲ್‌ನಲ್ಲಿ ಬೇರಿಂಗ್ ಹೋದರೆ ಬೋರ್ ಮಾಡಿಸಿದ ದುಡ್ಡೆಲ್ಲ ನೀರುಪಾಲು.

ಇಂಜೆಕ್ಷನ್ ಪಂಪು ಕೆಲಸ ಮಾಡುವುದು ಸುಮಾರು 3 ಬಾರ್, ಅಂದರೆ 43 ಪಿಎಸ್‌ಐ ಒತ್ತಡದಲ್ಲಿ. ನಿಮ್ಮ ವೆಬರ್‌ಗೆ ಬೇಕಾದದ್ದು 3 ಪಿಎಸ್‌ಐ ಆಸುಪಾಸು. ಕಾರ್ಬುರೇಟರಿನ ಫ್ಲೋಟ್ ಮತ್ತು ಸೂಜಿ, ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ಒತ್ತಡ ಮಿತಿ ಮೀರಿದರೆ ತೇಲುಗುಂಡು ಸೂಜಿಯನ್ನು ಹಿಡಿದು ನಿಲ್ಲಿಸಲಾರದು. ಬೌಲ್ (ಕಾರ್ಬುರೇಟರಿನೊಳಗಿನ ಪೆಟ್ರೋಲ್ ಬಟ್ಟಲು) ತುಂಬಿ ಪೆಟ್ರೋಲ್ ನೇರ ಇಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ಗೆ ಸುರಿಯುತ್ತದೆ. ನಿಮ್ಮ ಕಪ್ಪು ಹೊಗೆಗೆ ಕಾರಣ ಅದೇ.

ಪ್ರಮಾಣದ ಲೆಕ್ಕ ನೋಡೋಣ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಮೂರನೇ ಒಂದು ಲೀಟರ್ ಪೆಟ್ರೋಲ್ ಬೇಕು. ನಿಮ್ಮ ಇಂಜಿನ್ 70 ಅಶ್ವಶಕ್ತಿ ಕೊಡುತ್ತದೆಂದೇ ಇಟ್ಟುಕೊಳ್ಳಿ (ಉದಾರವಾಗಿಯೇ ಹೇಳುತ್ತಿದ್ದೇನೆ), ನಿಮಿಷಕ್ಕೆ ಅರ್ಧ ಲೀಟರೂ ಆಗದು. ಕಾರ್ಬುರೇಟರ್ ಗಾಡಿಗೆಂದೇ ಮಾಡಿದ ಸಣ್ಣ ಎಲೆಕ್ಟ್ರಿಕ್ ಪಂಪು ಇದಕ್ಕೆ ಧಾರಾಳ. ಅದನ್ನು ಟ್ಯಾಂಕಿನ ಪಕ್ಕದಲ್ಲೇ, ತಗ್ಗಿನಲ್ಲಿ ಕೂರಿಸಿ. ಈ ಪಂಪುಗಳು ತಳ್ಳುವುದರಲ್ಲಿ ಜಾಣ, ಎಳೆಯುವುದರಲ್ಲಿ ಸೋಮಾರಿ. ಮುಂದುಗಡೆ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್, ಅದರ ನಂತರ ಒತ್ತಡ ತೋರಿಸುವ ಒಂದು ಗೇಜ್ ಇರಲಿ. ಹಳೆಯ ಪಂಪು ತೆಗೆದ ಜಾಗಕ್ಕೆ ಪ್ಲೇಟ್ ಮತ್ತು ಪ್ಯಾಕಿಂಗ್ ಹಾಕಿದ್ದಾರೋ ನೋಡಿ, ಇಲ್ಲದಿದ್ದರೆ ಅಲ್ಲಿಂದ ಆಯಿಲ್ ಸೋರುತ್ತದೆ.

ಘಾಟಿಯ ತೊಂದರೆಗೆ ಮೂಲ ಬಿಸಿ. ನಿಲ್ಲಿಸಿದ ಮೇಲೆ ಇಂಜಿನ್ನಿನ ಕಾವು ಕಾರ್ಬುರೇಟರಿಗೆ ಏರಿ ಬೌಲ್‌ನಲ್ಲಿರುವ ಪೆಟ್ರೋಲ್ ಕುದಿಯುತ್ತದೆ. ಕಾರ್ಬುರೇಟರಿನ ಕೆಳಗೆ ಕಾವು ತಡೆಯುವ ದಪ್ಪನೆಯ ಬೇಕಲೈಟ್ ತುಂಡು ಇಡಿಸಿ, ಟ್ಯಾಂಕಿಗೆ ಒಂದು ರಿಟರ್ನ್ ಪೈಪ್ ಎಳೆಯಿಸಿ. ಪೆಟ್ರೋಲ್ ಸುತ್ತುತ್ತಲೇ ಇದ್ದರೆ ಪೈಪಿನಲ್ಲಿ ನಿಂತು ಕಾಯುವುದಿಲ್ಲ, ಆವಿ ಕಟ್ಟುವುದೂ ಕಡಿಮೆ.

ಪೈಪಿನ ವಿಷಯದಲ್ಲಿ ಜಿಪುಣತನ ಬೇಡ. ಪೆಟ್ರೋಲ್ ಹರಿಯುವುದು ಕಾಣಲಿ ಎಂದು ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಂಜಿನ್ ಕಾವಿಗೆ ಅದು ಒಣಗಿ ಸೆಟೆದು, ಕ್ಲಿಪ್ಪಿನ ಬುಡದಲ್ಲಿ ಸೀಳುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರನ್ನು ಅದು ಮೆತ್ತಗಾಗಿಸುತ್ತದೆ. ಎಥೆನಾಲ್ ತಡೆಯುವ 8 ಮಿಲಿಮೀಟರ್ ಒಳ ಅಳತೆಯ ಹೋಸನ್ನೇ ಕೇಳಿ ತನ್ನಿ.

ಪಂಪಿಗೆ ಪ್ರತ್ಯೇಕ ಫ್ಯೂಸ್, ರಿಲೇ ಜೊತೆಗೆ ಇನರ್ಷಿಯಾ ಸ್ವಿಚ್ (ಕಾರು ಗುದ್ದಿದರೆ ಪಂಪಿನ ಕರೆಂಟ್ ಕಡಿಯುವ ಸ್ವಿಚ್) ಇರಲೇಬೇಕು. ಕ್ಯಾಮ್ ಓಡಿಸುವ ಹಳೆಯ ಪಂಪು ಇಂಜಿನ್ನಿನೊಡನೆ ತಾನೂ ನಿಲ್ಲುತ್ತಿತ್ತು. ಎಲೆಕ್ಟ್ರಿಕ್ ಪಂಪಿಗೆ ಕಾರು ಮಗುಚಿದ್ದೂ ತಿಳಿಯದು. ಕೀ ಆನ್ ಇದ್ದರೆ ಹರಿದ ಪೈಪಿನಿಂದಲೂ ಸುರಿಯುತ್ತಲೇ ಇರುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ಹೊರತಾದ ಬದಲಾವಣೆಯನ್ನು ಒಪ್ಪುವುದಿಲ್ಲ. ಇಷ್ಟೆಲ್ಲ ಮಾಡಿಸಿದವರು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಒಮ್ಮೆ ವಿಚಾರಿಸಿ.

ಗೇಜ್ 3 ಪಿಎಸ್‌ಐ ಬಳಿ ಅಲುಗಾಡದೆ ನಿಲ್ಲುವವರೆಗೆ ಕಾರ್ಬುರೇಟರಿನ ಜೆಟ್‌ಗಳಿಗೆ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಕೈ ಹಾಕಬೇಡಿ. ನಿಂತ ಮೇಲೆ ಹೊಸ ಪ್ಲಗ್ ಹಾಕಿ ಒಂದು ಘಾಟಿ ಹತ್ತಿ, ಪ್ಲಗ್ ಬಿಚ್ಚಿ, ಅದರ ಬಣ್ಣ ಹೇಗಿತ್ತೆಂದು ಬರೆಯಿರಿ. ಯಾವ ಜೆಟ್ ಎಂಬುದನ್ನು ಆಗ ಹೇಳುತ್ತೇನೆ.