‘ಕಂಪನಿ ನಾಟಕವೂ ನಾಟಕವೇನ್ರೀ?’ – ಸಂಪಾದಕರ ಉತ್ತರ

ತಂಗಿ, ನಿಮ್ಮ ಪತ್ರ ತಲುಪಿದೆ. ಉದ್ದವಾಯಿತು ಅಂತ ಸಂಕೋಚ ಪಟ್ಟಿದ್ದೀರಿ. ಏನೂ ಬೇಡ, ಈಗ ಇಷ್ಟು ಉದ್ದ ಯಾರು ಬರೀತಾರೆ ಹೇಳಿ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗೆ ಅದರ ಸಾರ ಹೇಳಿಬಿಡುತ್ತೇನೆ. ಇವರು ಮುದ್ದೇಬಿಹಾಳ ಕಡೆಯವರು, ರಂಗಶಿಕ್ಷಣದ ವಿದ್ಯಾರ್ಥಿನಿ. ರಜೆಗೆ ಊರಿಗೆ ಬಂದಾಗ ಮೂರು ನಾಟಕ ನೋಡಿದ್ದಾರೆ. ವಿಜಯಪುರದಲ್ಲಿ ಹವ್ಯಾಸಿ ತಂಡವೊಂದು ಆಡಿದ ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’, ಬೈಲಹೊಂಗಲ ಕಡೆಯ ಹಳ್ಳಿಯಲ್ಲಿ ‘ಸಂಗ್ಯಾ ಬಾಳ್ಯಾ’, ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಒಂದು ಕಂಪನಿ ನಾಟಕ, ಅಂದರೆ ಊರೂರು ಕ್ಯಾಂಪ್ ಹಾಕುವ ವೃತ್ತಿ ತಂಡದ ನಾಟಕ. ಮೊದಲನೆಯದು ‘ಅದ್ಭುತ’, ಎರಡನೆಯದು ‘ಎಳೆದಾಟ’, ಮೂರನೆಯದು ‘ಅಸಹ್ಯ’. ಕೊನೆಗೆ ಕೇಳಿದ್ದಾರೆ: ಕಂಪನಿ ನಾಟಕವೂ ನಾಟಕವೇನ್ರೀ, ಅದರಿಂದ ನನ್ನಂಥವರು ಕಲಿಯುವುದು ಏನಿದೆ?

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪತ್ರದಲ್ಲಿ ತೀರ್ಪು ಜಾಸ್ತಿ, ನಟನೆಯ ಬಗ್ಗೆ ಮಾತು ಕಡಿಮೆ. ‘ರಾಕ್ಷಸ ತಂಗಡಿ’ ಯಾಕೆ ಅದ್ಭುತ ಅಂತ ಹುಡುಕಿದೆ. ಬೆಳಕು ಚೆನ್ನಾಗಿತ್ತು, ಸೆಟ್ ಚೆನ್ನಾಗಿತ್ತು, ಕಾರ್ನಾಡರ ಮಾತು ಚೆನ್ನಾಗಿತ್ತು. ಸರಿ, ರಾಮರಾಯನ ಪಾತ್ರ ಮಾಡಿದವರು ಏನು ಮಾಡಿದರು? ಎಂಬತ್ತರ ಆಸುಪಾಸಿನ ಮುದುಕ, ವಿಜಯನಗರದ ಸಿಂಹಾಸನದ ಮೇಲೆ ಇನ್ನೊಬ್ಬನನ್ನು ಕೂರಿಸಿ ರಾಜ್ಯವನ್ನು ತಾನೇ ಆಳಿದವನು. ಅಂಥವನು ಹೇಗೆ ಕೂತ, ಹೇಗೆ ಎದ್ದ, ಯಾರ ಮುಂದೆ ದನಿ ತಗ್ಗಿಸಿದ? ಒಂದು ಸಾಲೂ ಇಲ್ಲ. ಐದನೇ ಸಾಲಿನಾಚೆ ಮಾತು ಕೇಳಿಸಲಿಲ್ಲ ಅಂತ ಮಾತ್ರ ಬರೆದು ‘ಅದು ಸಭಾಂಗಣದ ದೋಷ’ ಎಂದು ಮುಗಿಸಿದ್ದೀರಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತೀನಿ.

ಇನ್ನೊಂದು, ಆ ನಾಟಕವನ್ನು ನೀವು ನೋಡಿದ್ದು ವಿಜಯಪುರದಲ್ಲಿ. ಅದರ ಹೆಸರಿನ ತಂಗಡಿ ಅಂದರೆ ತಂಗಡಗಿ, ನಿಮ್ಮ ತಾಲ್ಲೂಕಿನದೇ ಊರು, ಬಸ್ಸಿನ ಬೋರ್ಡಿನಲ್ಲಿ ಓದುವ ಹೆಸರು. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ಎದುರು ಗೆದ್ದ ಕಡೆಯವರ ರಾಜಧಾನಿಯಲ್ಲಿ ಕೂತು ಸೋತವನ ಕಥೆ ನೋಡಿದಿರಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ಶೇರ್ಜಾ ಬುರುಜಿನ ಮೇಲೆ, ಆ ಯುದ್ಧದಲ್ಲಿ ಬಳಸಿದ್ದು ಎಂದು ಜನ ಹೇಳುವ ಮಲಿಕ್-ಎ-ಮೈದಾನ್ ತೋಪು ಇದೆ. ಬೆಂಗಳೂರಿನ ಪ್ರೇಕ್ಷಕರಿಗೆ ಇತಿಹಾಸವಾಗಿರುವ ಮಾತು ನಮ್ಮಲ್ಲಿ ಬೇರೆ ಥರ ಕೇಳಿಸಿರಬೇಕು. ಯಾವ ಮಾತಿಗೆ ಜನ ಸುಮ್ಮನಾದರು, ಯಾವುದಕ್ಕೆ ಚಪ್ಪಾಳೆ ಬಿತ್ತು? ಬರೆಯಬೇಕಿತ್ತು.

‘ಸಂಗ್ಯಾ ಬಾಳ್ಯಾ’ ಬಗ್ಗೆ ನಿಮ್ಮ ದೂರು, ಕಥೆ ಮೊದಲೇ ಗೊತ್ತು, ಆದರೂ ರಾತ್ರಿಯಿಡೀ ಎಳೀತಾರೆ ಅಂತ. ಹೌದು, ಎಳೀತಾರೆ, ಕೆಲವು ಮೇಳಗಳಂತೂ ವಿಪರೀತ. ಆದರೆ ಬೈಲಹೊಂಗಲದಲ್ಲೇ ನಡೆದದ್ದು ಎಂದು ಜನ ನಂಬಿರುವ ಕಥೆ ಅದು. ಸಂಗ್ಯಾ ಸಾಯುತ್ತಾನೆ, ಗೆಳೆಯ ಬಾಳ್ಯಾನೇ ಕೈಕೊಡುತ್ತಾನೆ ಅಂತ ಅಲ್ಲಿ ಕೂತ ಚಿಕ್ಕ ಹುಡುಗನಿಗೂ ಗೊತ್ತು. ಮುಂದೇನು ಅಂತ ನೋಡಲು ಯಾರೂ ಬಂದಿರಲ್ಲ. ಈ ವರ್ಷದ ಬಾಳ್ಯಾ ಆ ಹೊತ್ತಿನಲ್ಲಿ ಏನು ಮಾತಾಡ್ತಾನೆ ಅಂತ ನೋಡಲು ಬಂದಿರ್ತಾರೆ. ಇಂಥ ಜನಪದ ಆಟಕ್ಕೆ ಸಣ್ಣಾಟ ಅಂತಾರೆ. ಅದರಲ್ಲಿ ಹಾಡು ಹಿಂದಿನಿಂದ ಬಂದದ್ದು, ಹಾಡಿನ ನಡುವಿನ ಮಾತು ಬಹಳಷ್ಟು ಅಲ್ಲೇ ಹುಟ್ಟುವಂಥದ್ದು. ಹಿಮ್ಮೇಳ ಸಾಲಿನ ಕೊನೆ ಹಿಡಿದು ತಿರುಗಿ ಹಾಡುವಷ್ಟರಲ್ಲಿ ನಟ ಮುಂದಿನ ಮಾತು ಯೋಚಿಸಿರಬೇಕು. ನಿಮ್ಮ ತರಗತಿಯಲ್ಲಿ ಆಶುಅಭಿನಯ ಅಂತ ಕಲಿಸ್ತಾರಲ್ಲ, ಅದೇ ಇದು. ಅಷ್ಟು ಸಾಕು, ನನಗೆ ಮುಖ್ಯವಾಗಿ ಮಾತಾಡಬೇಕಿರುವುದು ಮೂರನೆಯದರ ಬಗ್ಗೆ.

ಡಬಲ್ ಮೀನಿಂಗ್ ಮಾತುಗಳ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ‘ಜನ ಅದನ್ನೇ ಕೇಳ್ತಾರೆ, ನಾವೇನು ಮಾಡೋಣ’ ಎಂದು ಮಾಲೀಕರು ಹೇಳುವುದನ್ನು ನಾನೂ ಬಹಳ ಸಲ ಕೇಳಿದ್ದೇನೆ, ಒಪ್ಪಿಲ್ಲ. ಹಾಗೆ ನೋಡಿದರೆ ನಿಮ್ಮ ಪತ್ರದಲ್ಲೇ ಇದಕ್ಕೆ ಉತ್ತರ ಇದೆ, ನೀವೇ ಗಮನಿಸಿಲ್ಲ. ಮುಂದೆ ಕೂತಿದ್ದ ಅಜ್ಜಿ, ಗಂಡ ಕುಡಿದು ಬಂದು ಬಾಗಿಲು ಸಿಗದೆ ಒದ್ದಾಡುವ ದೃಶ್ಯಕ್ಕೆ ಬಿದ್ದು ಬಿದ್ದು ನಕ್ಕಳು, ಆಮೇಲೆ ಬಂದ ಹೊಲಸು ಮಾತಿಗೆ ತಲೆ ತಗ್ಗಿಸಿದಳು ಎಂದು ಬರೆದಿದ್ದೀರಿ. ಅಂದರೆ ಆ ಕಾಮಿಡಿ ನಟನಿಗೆ ಬರೀ ಬಾಗಿಲಿನಿಂದಲೇ ಜನರನ್ನು ನಗಿಸಲು ಬರುತ್ತಿತ್ತು. ಹೊಲಸು ಮಾತು ಬೇಕಾಗಿಯೇ ಇರಲಿಲ್ಲ! ಇಂಥ ಮಾತುಗಳ ಏಟು ತಿನ್ನುವವಳು ಎದುರು ನಿಂತ ನಟಿ. ಪೆಂಡಾಲ್ ಒಳಗೂ ಅವಳಿಗೇ, ಹೊರಗೆ ಚಹಾ ಅಂಗಡಿಯಲ್ಲೂ ಅವಳಿಗೇ.

ಆದರೆ ಅಸಹ್ಯ ಅನ್ನುವ ಒಂದೇ ಮಾತಿನಲ್ಲಿ ನೀವು ಆ ನಟಿಯನ್ನೂ ಸೇರಿಸಿ ಗುಡಿಸಿ ಹಾಕಿದಿರಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಜಾತ್ರೆ ಅದು. ಇಡೀ ವರ್ಷದ ಸಾಲ ತೀರಿಸಿಕೊಳ್ಳಲು ಕಂಪನಿಗಳು ಅಲ್ಲಿ ಕ್ಯಾಂಪ್ ಹಾಕುತ್ತವೆ. ರಾತ್ರಿಗೆ ಒಂದಕ್ಕಿಂತ ಹೆಚ್ಚು ಆಟ. ಪಕ್ಕದ ಥಿಯೇಟರಿನ ಮೈಕು, ತೊಟ್ಟಿಲು ತಿರುಗುವ ಸದ್ದು, ಮಿರ್ಚಿ ಭಜಿ ಮಾರುವವರ ಕೂಗು, ಎಲ್ಲದರ ನಡುವೆ ಮಾತು ಕೇಳಿಸಬೇಕು. ನೀವೇ ಬರೆದಿದ್ದೀರಿ, ಎರಡನೇ ಅಂಕದಲ್ಲಿ ಮೈಕು ಕೆಟ್ಟಿತು, ಆ ನಟಿ ಮಾತು ನಿಲ್ಲಿಸದೆ ನಾಲ್ಕು ಹೆಜ್ಜೆ ಮುಂದೆ ಬಂದು ದೃಶ್ಯ ಮುಗಿಸಿದಳು, ಹಿಂದೆ ನಿಂತವರಿಗೂ ಕೇಳಿಸಿತು ಎಂದು. ನಿಮ್ಮ ಇಡೀ ಪತ್ರದ ಅತ್ಯುತ್ತಮ ಸಾಲು ಇದು, ನೀವು ಅದನ್ನು ‘ಅವ್ಯವಸ್ಥೆ’ಯ ಪಟ್ಟಿಗೆ ಸೇರಿಸಿದ್ದೀರಿ! ಈಗ ವಿಜಯಪುರದ ಐದನೇ ಸಾಲನ್ನು ನೆನಪಿಸಿಕೊಳ್ಳಿ. ಅಲ್ಲಿ ಸಭಾಂಗಣದ ದೋಷ, ಇಲ್ಲಿ ಕಂಪನಿಯ ದೋಷ. ಇದ್ಯಾವ ನ್ಯಾಯ?

ಆ ಹೆಣ್ಣುಮಗಳು ಎಲ್ಲಿ ಉಸಿರು ತೆಗೆದುಕೊಂಡಳು, ಯಾವ ಅಕ್ಷರವನ್ನು ಎಳೆದಳು, ಕೂಗದೆ ಹೇಗೆ ಕೇಳಿಸಿದಳು, ನೀವು ಕಲಿಯಬೇಕಾದದ್ದು ಇದು. ಜಾತ್ರೆ ಸೀಜನ್ನಿನಲ್ಲಿ ನಮ್ಮ ಹಳ್ಳಿಗಳಲ್ಲಿ ಊರ ಹುಡುಗರೇ ನಾಟಕ ಆಡ್ತಾರಲ್ಲ, ಅಲ್ಲಿಗೆ ಬರುವ ನಟಿಯರನ್ನು ನೋಡಿದ್ದೀರಾ? ಹುಡುಗರಿಗೆ ಪೇಟಿ (ಹಾರ್ಮೋನಿಯಂ) ಮಾಸ್ತರ ವಾರಗಟ್ಟಲೆ ತಾಲೀಮು ಮಾಡಿಸಿರ್ತಾನೆ. ನಟಿ ಬರೋದು ಹೆಚ್ಚಾಗಿ ಅವತ್ತೇ ಸಂಜೆ ಬಸ್ಸಿಗೆ. ಎದುರಿನ ನಾಯಕ ಯಾರು ಅಂತ ಬಣ್ಣ ಹಚ್ಚಿಕೊಂಡ ಮೇಲೆ ಗೊತ್ತಾಗುತ್ತದೆ. ಅವನು ಅರ್ಧ ಮಾತು ಮರೆತರೆ ಅದನ್ನೂ ಇವಳೇ ಪ್ರಶ್ನೆ ಮಾಡಿ ಅವನ ಬಾಯಿಂದ ಹೊರಡಿಸಬೇಕು. ಇಂಥವರ ಜೊತೆ ಒಂದು ರಾತ್ರಿ ಸೈಡ್‌ವಿಂಗಿನಲ್ಲಿ ನಿಂತು ನೋಡಿ.

ಈ ಜಗಳ ಹೊಸದೇನಲ್ಲ, ನಮ್ಮ ನೆಲದ್ದೇ. ನಾಟಕಕಾರ ಶ್ರೀರಂಗರು ಹುಟ್ಟಿದ್ದು 1904ರಲ್ಲಿ, ನಿಮ್ಮ ಜಿಲ್ಲೆಯ ಅಗರಖೇಡದಲ್ಲಿ. ಕಂಪನಿ ನಾಟಕದ ಅಬ್ಬರ ಅವರಿಗೆ ಹಿಡಿಸಲಿಲ್ಲ, ಹವ್ಯಾಸಿ ರಂಗಭೂಮಿಗಾಗಿ ಜೀವಮಾನವಿಡೀ ಬರೆದರು. ಹತ್ತು ವರ್ಷದ ನಂತರ ಸವದತ್ತಿ ಕಡೆಯ ಏಣಗಿಯಲ್ಲಿ ಹುಟ್ಟಿದ ಬಾಳಪ್ಪನವರು ಕಂಪನಿಯಲ್ಲೇ ಬೆಳೆದರು, ಹರೆಯದಲ್ಲಿ ಸ್ತ್ರೀಪಾತ್ರ ಮಾಡಿದರು, ಬಸವಣ್ಣನ ಪಾತ್ರದಿಂದ ಮನೆಮಾತಾದರು, ನೂರು ದಾಟಿ ಬದುಕಿದರು. ನನಗಂತೂ ಇಬ್ಬರಲ್ಲಿ ಒಬ್ಬರನ್ನು ಆರಿಸು ಅಂದರೆ ಆಗುವುದಿಲ್ಲ. ನಿಮ್ಮ ಗುರುಗಳು ಶ್ರೀರಂಗರನ್ನು ಓದಿಸಿಯೇ ಓದಿಸುತ್ತಾರೆ. ಬಾಳಪ್ಪನವರ ದಾರಿಯ ವಿದ್ಯೆಯನ್ನು ನೀವಾಗಿಯೇ ಹುಡುಕಿಕೊಂಡು ಹೋಗಬೇಕು, ಅದಕ್ಕೆ ಇನ್ನೂ ಪಠ್ಯಪುಸ್ತಕವಿಲ್ಲ.

ಶ್ರೀಕೃಷ್ಣ ಪಾರಿಜಾತದ ಬಯಲಾಟ ಎಲ್ಲಿ ನೋಡಲು ಸಿಗುತ್ತದೆ ಅಂತ ಕೊನೆಗೆ ಕೇಳಿದ್ದೀರಿ. ಲೋಕಾಪುರ, ಕುಲಗೋಡ ಸೀಮೆಯಲ್ಲಿ ವಿಚಾರಿಸಿ, ಅದು ಆ ಕಡೆಯ ಆಟ. ಪಾರಿಜಾತದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನವರ ಹೆಸರು ಹೇಳಿದರೆ ಹಿರಿಯರು ತಾವಾಗಿಯೇ ಮಾತು ಶುರು ಮಾಡ್ತಾರೆ. ಮತ್ತೆ ಒಂದು ಕೆಲಸ: ಮೈಕು ಕೆಟ್ಟಾಗ ಮುಂದೆ ಬಂದಳಲ್ಲ, ಆ ನಟಿಯ ಕಂಪನಿ ಈಗ ಯಾವ ಊರಲ್ಲಿ ಕ್ಯಾಂಪ್ ಮಾಡಿದೆ ಅಂತ ಪತ್ತೆ ಮಾಡಿ, ಅವರನ್ನು ಮಾತಾಡಿಸಿ ನಮಗೆ ಒಂದು ಲೇಖನ ಬರೆದುಕೊಡಿ. ಫೋಟೋ, ಹೆಸರು ಹಾಕಲು ಅವರ ಒಪ್ಪಿಗೆ ಕೇಳಿ. ‘ಅದ್ಭುತ’ ಅನ್ನುವ ಪದ ಒಮ್ಮೆಯೂ ಬಾರದಂತೆ ಬರೆದರೆ ಒಂದಕ್ಷರವೂ ಕತ್ತರಿಸದೆ ಹಾಕ್ತೀನಿ.